ಹೊರದೇಶದಿಂದ ಸೈಕಲ್ ಬಿಡಿಭಾಗ: ದುಡ್ಡು ಕಟ್ಟುವ ಮೊದಲು ಅಳತೆ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ಶಿವಮೊಗ್ಗದಲ್ಲಿ ಗೇರ್ ಸೈಕಲ್ ಕೊಳ್ಳುವುದು ಈಗ ಕಷ್ಟವಲ್ಲ, ಅದಕ್ಕೆ ಬಿಡಿಭಾಗ ಹುಡುಕುವುದು ಕಷ್ಟ. ಮಾಮೂಲಿ ಟ್ಯೂಬು, ಬ್ರೇಕ್ ರಬ್ಬರು, 7 ಸ್ಪೀಡಿನ ಫ್ರೀವೀಲು ಊರಲ್ಲೇ ಸಿಗುತ್ತವೆ. 10 ಸ್ಪೀಡಿನ ಕ್ಯಾಸೆಟ್ಟೋ (ಹಿಂದಿನ ಚಕ್ರದ ಹಲ್ಲಿನ ಗುಚ್ಛ) ಡಿಸ್ಕ್ ಬ್ರೇಕಿನ ಪ್ಯಾಡೋ ಕೇಳಿದರೆ ‘ಬೆಂಗಳೂರಿಂದ ತರಿಸ್ಬೇಕು’ ಎಂಬ ಉತ್ತರ ಬರುತ್ತದೆ. ಹೀಗಾಗಿ ತೀರ್ಥಹಳ್ಳಿ, ಸಾಗರದ ಕಡೆಯ ಸವಾರರೂ ಜರ್ಮನಿ, ಇಂಗ್ಲೆಂಡಿನ ಆನ್‌ಲೈನ್ ಅಂಗಡಿಗಳಿಗೆ ಆರ್ಡರ್ ಹಾಕುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ತರಿಸಿದ್ದು ಸೈಕಲ್ಲಿಗೆ ಕೂರದೆ ಡಬ್ಬದಲ್ಲೇ ಉಳಿಯುವುದಕ್ಕೆ ಹೆಚ್ಚಿನ ಸಲ ಅಂಗಡಿಯವರ ಮೋಸವೂ ಕಾರಣವಲ್ಲ, ಕಸ್ಟಮ್ಸೂ ಕಾರಣವಲ್ಲ. ನಮ್ಮ ಸೈಕಲ್ಲಿನಲ್ಲಿ ಏನು ಕೂತಿದೆ ಎಂಬುದು ನಮಗೇ ಗೊತ್ತಿರುವುದಿಲ್ಲ, ಅಷ್ಟೆ.

ಮೊದಲು ದುಡ್ಡಿನ ಮಾತು. ಯುರೋಪಿನ ಅಂಗಡಿಯಲ್ಲಿ ಕಾಣುವ ಬೆಲೆಯಲ್ಲಿ ಅಲ್ಲಿನ ತೆರಿಗೆ ಸೇರಿರುತ್ತದೆ. ಜರ್ಮನಿಯಲ್ಲಿ ಅದು ಶೇ 19, ಬ್ರಿಟನ್ನಿನಲ್ಲಿ ಶೇ 20. ತಲುಪಿಸುವ ದೇಶ ಭಾರತ ಎಂದು ಆರಿಸಿದ ಕೂಡಲೇ 119 ಯುರೋ ಇದ್ದದ್ದು 100 ಯುರೋಗೆ ಇಳಿಯಬೇಕು. ಇಳಿಯದಿದ್ದರೆ ಆ ಅಂಗಡಿ ನಮಗಲ್ಲ. ಈ ಇಳಿದ ಬೆಲೆ ನೋಡಿಯೇ ಬಹಳ ಜನ ಹಿಗ್ಗಿ ದುಡ್ಡು ಕಟ್ಟಿಬಿಡುತ್ತಾರೆ. ನಿಜವಾದ ಲೆಕ್ಕ ಶುರುವಾಗುವುದೇ ಅಲ್ಲಿಂದ ಮುಂದೆ. ನಮ್ಮ ಕಸ್ಟಮ್ಸ್‌ನವರು ಸುಂಕ ಹಾಕುವುದು ಸಾಮಾನಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ಮೊದಲು ಮೂಲ ಸುಂಕ, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜು, ಎಲ್ಲವನ್ನೂ ಕೂಡಿಸಿ ಅದರ ಮೇಲೆ ಐಜಿಎಸ್‌ಟಿ. 8,000 ರೂಪಾಯಿಯ ಸಾಮಾನಿಗೆ 2,000 ರೂಪಾಯಿ ಸಾಗಣೆ ಎಂದುಕೊಳ್ಳಿ. ಲೆಕ್ಕಕ್ಕೆ ಸುಂಕ ಶೇ 20, ಐಜಿಎಸ್‌ಟಿ ಶೇ 18 ಎಂದು ಹಿಡಿದರೆ 10,000ಕ್ಕೆ ಸುಂಕ 2,000, ಸರ್ಚಾರ್ಜು 200, ಆಮೇಲೆ 12,200ರ ಮೇಲೆ ಐಜಿಎಸ್‌ಟಿ 2,196. ಒಟ್ಟು 4,396 ರೂಪಾಯಿ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಆ ಹೊತ್ತಿನದನ್ನು ನೋಡಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಹಾಕಿ. ಇದರ ಮೇಲೆ ಕೊರಿಯರ್ ಕಂಪನಿಗಳು ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ತಮ್ಮ ಶುಲ್ಕ ಬೇರೆ ಹಾಕುತ್ತವೆ. ಪ್ಯಾಡಿನಂಥ ಚಿಕ್ಕ ಸಾಮಾನಿಗೆ ಆ ಶುಲ್ಕವೇ ಸುಂಕಕ್ಕಿಂತ ಜಾಸ್ತಿಯಾಗುವುದುಂಟು.

ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಚಾಲೂ ಇದೆಯೇ ಎಂದು ಮೊದಲೇ ನೋಡಿ. ದುಡ್ಡು ಕಟ್ಟುವ ಪುಟದಲ್ಲಿ ‘ರೂಪಾಯಿಯಲ್ಲಿ ಕಟ್ಟಿ’ ಎಂಬ ಆಯ್ಕೆ ಕಂಡರೆ ಅದನ್ನು ಮುಟ್ಟಬೇಡಿ. ವಿನಿಮಯ ದರದಲ್ಲಿ ಅಲ್ಲೊಂದು ಕತ್ತರಿ ಕೂತಿರುತ್ತದೆ. ಯುರೋ ಅಥವಾ ಪೌಂಡಿನಲ್ಲೇ ಕಟ್ಟಿದರೆ ಬ್ಯಾಂಕಿನ ಕಮಿಷನ್ನು ಮಾತ್ರ ಬೀಳುತ್ತದೆ. ಉಡುಗೊರೆ ಎಂದು ಬರೆಸಿ ಸುಂಕ ಉಳಿಸುವ ಹಳೆಯ ಉಪಾಯ 2019ರ ಡಿಸೆಂಬರಿನಲ್ಲೇ ಮುಗಿದುಹೋಗಿದೆ. ಬೆಲೆ ಕಡಿಮೆ ಬರೆದುಕೊಡಿ ಎಂದು ಅಂಗಡಿಯವರನ್ನು ಕೇಳುವುದು ಅಪರಾಧ. ಹಾಗೆ ಬರೆಸಿದ ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗಷ್ಟೇ ಸಿಗುತ್ತದೆ.

ಇನ್ನು ಅಳತೆ. ಅತಿ ಹೆಚ್ಚು ಎಡವಟ್ಟಾಗುವುದು ಹಿಂದಿನ ಚಕ್ರದ ಹಲ್ಲಿನ ಗುಚ್ಛದಲ್ಲಿ. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಇರುವುದು ಚಕ್ರದ ನಡುವಿನ ಹಬ್ಬಿನ ಮೇಲೆ ಥ್ರೆಡ್ಡಿನಲ್ಲಿ ತಿರುಗಿಸಿ ಕೂರಿಸುವ ಫ್ರೀವೀಲು. ಜಾರಿಸಿ ಕೂರಿಸಿ ಲಾಕ್‌ರಿಂಗ್ ಬಿಗಿಯುವ ಕ್ಯಾಸೆಟ್ಟೇ ಬೇರೆ. ಒಂದರ ಹಬ್ಬಿಗೆ ಇನ್ನೊಂದು ಕೂರುವುದಿಲ್ಲ. ಗುರುತು ಹಿಡಿಯಲು ಚಕ್ರ ಬಿಚ್ಚಿ, ಟೂಲ್ ಕೂರುವ ನಡುವಿನ ಗೀರುಗಳ ಮೇಲೆ ಕಣ್ಣಿಟ್ಟು ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಗೀರುಗಳೂ ಜೊತೆಗೆ ಸುತ್ತಿದರೆ ಕ್ಯಾಸೆಟ್ಟು, ನಿಂತಲ್ಲೇ ನಿಂತರೆ ಫ್ರೀವೀಲು. ಅರ್ಧ ನಿಮಿಷದ ಕೆಲಸ. ಕ್ಯಾಸೆಟ್ಟೇ ಆದರೂ 11 ಸ್ಪೀಡಿನ ರೋಡ್ ಕ್ಯಾಸೆಟ್ಟಿಗೆ ಬೇಕಾದ ಫ್ರೀಹಬ್ಬು 8, 9, 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. 10 ಹಲ್ಲಿನಿಂದ ಶುರುವಾಗುವ ಶಿಮಾನೊ ಕಂಪನಿಯ 12 ಸ್ಪೀಡಿನ ಎಂಟಿಬಿ (ಮೌಂಟನ್ ಬೈಕ್) ಕ್ಯಾಸೆಟ್ಟಿಗಂತೂ ಮೈಕ್ರೋ ಸ್ಪ್ಲೈನ್ ಎಂಬ ಬೇರೆಯೇ ಹಬ್ಬು ಬೇಕು.

ಘಾಟಿ ಹತ್ತಲು ದೊಡ್ಡ ಹಲ್ಲು ಬೇಕೆಂದು 11-34 ಕ್ಯಾಸೆಟ್ ತರಿಸುವವರು ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೇಲರ್ ಅದನ್ನು ತಾಳುತ್ತದೆಯೇ ಎಂದು ಲೆಕ್ಕ ಹಾಕಬೇಕು. ಮುಂದೆ 50 ಮತ್ತು 34 ಹಲ್ಲಿದ್ದರೆ ವ್ಯತ್ಯಾಸ 16. ಹಿಂದೆ 34 ಮತ್ತು 11ರ ವ್ಯತ್ಯಾಸ 23. ಕೂಡಿದರೆ 39. ಡಿರೇಲರಿನ ಒಟ್ಟು ಸಾಮರ್ಥ್ಯ ಮತ್ತು ಅದು ತಾಳುವ ದೊಡ್ಡ ಹಲ್ಲು ಎರಡೂ ಕಂಪನಿಯ ಕೈಪಿಡಿಯಲ್ಲಿವೆ. ಗಿಡ್ಡ ಪಂಜರದ ಡಿರೇಲರಿಗೆ 39 ಆಗಿಬರುವುದಿಲ್ಲ. ಚೈನು ದೊಡ್ಡದರಿಂದ ದೊಡ್ಡದಕ್ಕೆ ಹೋದಾಗ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕಿತ್ತುಕೊಂಡು ಬರುತ್ತದೆ, ಇಲ್ಲವೇ ಚಿಕ್ಕದರಿಂದ ಚಿಕ್ಕದಕ್ಕೆ ಬಂದಾಗ ಚೈನು ಜೋತುಬೀಳುತ್ತದೆ. ಶಿಮಾನೊದಲ್ಲಿ 9 ಸ್ಪೀಡಿನವರೆಗೆ ರೋಡ್ ಶಿಫ್ಟರಿಗೆ ಎಂಟಿಬಿ ಹಿಂದಿನ ಡಿರೇಲರ್ ಹೊಂದುತ್ತಿತ್ತು. 10 ಸ್ಪೀಡಿನಲ್ಲಿ ಎಂಟಿಬಿಯ ಕೇಬಲ್ ಎಳೆತದ ಲೆಕ್ಕವೇ ಬದಲಾಯಿತು. ಹಳೆಯ ಸಲಹೆ ಓದಿ ಎರಡನ್ನೂ ಕೂಡಿಸಲು ಹೋದರೆ ಗೇರು ಒಂದೂ ಸರಿಯಾಗಿ ಬೀಳದು.

ಟಯರಿನಲ್ಲಿ ಇಂಚಿನ ಲೆಕ್ಕ ನಂಬಬೇಡಿ. 26 x 1.75 ಎಂದರೆ ರಿಮ್ಮಿನ ಅಳತೆ 559 ಮಿ.ಮೀ., 26 x 1 3/8 ಎಂದರೆ 590. ಎರಡೂ ‘ಇಪ್ಪತ್ತಾರು’! ಅಪ್ಪನ ಕಾಲದ 28 x 1 1/2 ಸೈಕಲ್ಲಿನದು 635, ಈಗಿನ 700 ಸಿ ಮತ್ತು 29 ಇಂಚಿನದು 622. ಟಯರಿನ ಪಕ್ಕದಲ್ಲಿ 37-622 ಎಂಬಂತೆ ಅಚ್ಚಾಗಿರುವ ಕೊನೆಯ ಮೂರು ಅಂಕಿ ಒಂದೇ ಇದ್ದರೆ ಮಾತ್ರ ತರಿಸಿ. ಬಿಬಿಯದು, ಅಂದರೆ ಪೆಡಲಿನ ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್ಟಿನದು, ಇನ್ನೂ ಗೋಜಲು. ನಮ್ಮಲ್ಲಿ ಹೆಚ್ಚಾಗಿರುವ ಥ್ರೆಡ್ಡಿನ ಶೆಲ್ಲಿನ (ಬಿಬಿ ಕೂರುವ ಫ್ರೇಮಿನ ಕೊಳವೆಯ) ಅಗಲ 68 ಅಥವಾ 73 ಮಿ.ಮೀ. ಪೇಂಟ್ ಕೆರೆದು ಕ್ಯಾಲಿಪರಿನಲ್ಲೇ ಅಳೆಯಿರಿ. ಅದರ ಚೈನಿನ ಕಡೆಯ ಕಪ್ ಉಲ್ಟಾ ಥ್ರೆಡ್ಡಿನದು, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ಪೈಪ್ ಹಾಕಿ ಎಡಕ್ಕೆ ಎಳೆದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ, ಅದಕ್ಕೆ ಜರ್ಮನಿಯಲ್ಲೂ ಮದ್ದಿಲ್ಲ.

ಮಲೆನಾಡಿನಲ್ಲಿ ಹೊರಗಿನಿಂದ ತರಿಸಲು ನಿಜಕ್ಕೂ ಲಾಯಕ್ಕಾದದ್ದು ಡಿಸ್ಕ್ ಪ್ಯಾಡು. ಹಗುರ, ಚಪ್ಪಟೆ, ಆರು ಜೊತೆ ಒಂದೇ ಲಕೋಟೆಯಲ್ಲಿ ಬರುತ್ತವೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ, ಅದೂ ಆಟಿಯ ಮಳೆಯಲ್ಲಿ, ಕೆಂಪು ಮಣ್ಣಿನ ರಾಡಿ ಬ್ರೇಕಿನ ತಟ್ಟೆಯಾದ ರೋಟರಿಗೆ ಮೆತ್ತಿ ಉಪ್ಪುಕಾಗದದಂತೆ ಉಜ್ಜುತ್ತದೆ. ರೆಸಿನ್ ಪ್ಯಾಡು ಬೇಗ ಸವೆಯುತ್ತದೆ, ಮೆಟಲ್ ಪ್ಯಾಡು ಕಿರುಚಿದರೂ ಹೆಚ್ಚು ದಿನ ಬಾಳುತ್ತದೆ. ಆದರೆ ರೋಟರಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂಬ ಕೊರೆತ ಇದ್ದರೆ ಮೆಟಲ್ ಹಾಕಲೇಬೇಡಿ, ಮೆತ್ತನೆಯ ರೋಟರನ್ನು ಅದು ತಿಂದುಹಾಕುತ್ತದೆ. ಶಿಮಾನೊದವರ ಪ್ರಕಾರ ಪ್ಯಾಡಿನ ಮಸಾಲೆ 0.5 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ರೋಟರಿಗೂ ಹೀಗೇ ಕನಿಷ್ಠ ದಪ್ಪವಿದೆ, ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಪ್ಯಾಡಿನ ಆಕಾರಕ್ಕೆ ಸೈಕಲ್ಲಿನ ಮಾಡೆಲ್ ನೋಡಿ ಪ್ರಯೋಜನವಿಲ್ಲ. ಹಳೆಯದನ್ನು ಬಿಚ್ಚಿ ಬೆನ್ನಿನ ತಗಡಿನ ಮೇಲಿನ ನಂಬರ್ ಓದಿ. ಬ್ರೇಕ್ ಎಣ್ಣೆಯಲ್ಲೂ ಎಚ್ಚರ: ಶಿಮಾನೊಗೆ ಮಿನರಲ್ ಆಯಿಲ್, ಸ್ರ್ಯಾಮ್ ಕಂಪನಿಯ ಹೆಚ್ಚಿನವಕ್ಕೆ ಡಾಟ್ ಎಂಬ ಬ್ರೇಕ್ ದ್ರವ. ಒಂದರಲ್ಲಿ ಇನ್ನೊಂದು ಸುರಿದರೆ ಒಳಗಿನ ರಬ್ಬರು ಉಬ್ಬಿ ಬ್ರೇಕು ಹಾಳಾಗುತ್ತದೆ. ಸ್ಪ್ರೇ ಡಬ್ಬಿ, ಗ್ಯಾಸ್ ಕಾರ್ಟ್ರಿಜ್ಜುಗಳನ್ನು ವಿಮಾನದಲ್ಲಿ ಸುಲಭವಾಗಿ ಸಾಗಿಸಲು ಬಿಡುವುದಿಲ್ಲ. ಅದೊಂದಕ್ಕಾಗಿ ಇಡೀ ಪಾರ್ಸೆಲ್ ನಿಂತುಹೋಗಬಹುದು.

ಹೊರಗಿನಿಂದ ತರಿಸಬಾರದ್ದೂ ಇವೆ. ಹಬ್ಬಿನ ಸೀಲ್ಡ್ ಬೇರಿಂಗಿನ ಅಂಚಿನ ಮೇಲೆ 6902, 6001 ಎಂಬಂಥ ನಂಬರ್ ಇರುತ್ತದೆ. 6902 ಎಂದರೆ ಒಳಗೆ 15, ಹೊರಗೆ 28, ಅಗಲ 7 ಮಿ.ಮೀ. ಯಾವ ದೇಶದ ಹಬ್ಬಾದರೂ ಅಷ್ಟೇ. ಬೈಕು, ಪಂಪ್‌ಸೆಟ್ಟಿಗೆ ಬೇರಿಂಗ್ ಮಾರುವ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು. ಕೇಬಲ್ಲೂ ಇಲ್ಲೇ ಸಿಗುತ್ತದೆ, ಆದರೆ ಗೇರಿನ ಹೊರಕವಚವನ್ನು ಬ್ರೇಕಿಗೆ ಹಾಕಿಸಿಕೊಳ್ಳಬೇಡಿ. ಅದರೊಳಗಿನ ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಜೋರಾಗಿ ಬ್ರೇಕ್ ಹಿಡಿದರೆ ಸೀಳುತ್ತವೆ.

ಚೈನಿಗೂ ಅವಸರ ಬೇಡ, ಮೊದಲು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಒಂದು ಪಿನ್ನಿನ ನಡುವಿನಿಂದ ಹಿಡಿದು ಮುಂದಿನ 24ನೇ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಅದು 12 1/16 ಆದಾಗ ಚೈನೊಂದನ್ನೇ ಬದಲಿಸಿದರೆ ಸಾಕು. 12 1/8 ಆಗುವವರೆಗೆ ಬಿಟ್ಟರೆ ಕ್ಯಾಸೆಟ್ಟೂ ಸವೆದಿರುತ್ತದೆ, ಹೊಸ ಚೈನು ಹಳೆಯ ಹಲ್ಲಿನ ಮೇಲೆ ಜಿಗಿಯುತ್ತದೆ.

ಅಂಚೆಯಲ್ಲಿ ಬರುವ ಪಾರ್ಸೆಲ್ಲಿಗೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ ಇರುವ ನಂಬರ್ ಕೊಡುತ್ತಾರೆ. ಅದೇ ನಂಬರ್ ನಮ್ಮ ಅಂಚೆ ಇಲಾಖೆಯ ಜಾಲತಾಣದಲ್ಲೂ ನಡೆಯುತ್ತದೆ. ಕೊರಿಯರ್ ಆದರೆ ಗುರುತಿನ ದಾಖಲೆ ಕೇಳುತ್ತಾರೆ. ಆರ್ಡರಿನಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಪಾರ್ಸೆಲ್ ಗೋದಾಮಿನಲ್ಲಿ ಕೂತು ಬಾಡಿಗೆ ಏರುತ್ತದೆ. ಹೊಂದದ ಸಾಮಾನು ವಾಪಸ್ ಕಳಿಸಿದರೆ ಅಂಗಡಿಯವರು ಬೆಲೆ ಕೊಟ್ಟಾರು, ಹೋಗುವ ಸಾಗಣೆ ನಮ್ಮ ತಲೆಗೆ, ಕಟ್ಟಿದ ಸುಂಕವಂತೂ ತಾನಾಗಿ ಮರಳುವುದಿಲ್ಲ.

ಇಷ್ಟೆಲ್ಲ ಬರೆದದ್ದು ನಮ್ಮ ಜಿಲ್ಲೆಯ ಸೈಕಲ್ ಮಾರಾಟಗಾರರಲ್ಲಿ ಒಂದು ಕೋರಿಕೆ ಇಡಲು. ಗೇರ್ ಸೈಕಲ್ ಮಾರುವಾಗ ಬಿಲ್ಲಿನ ಹಿಂದೆ ನಾಲ್ಕು ಸಂಗತಿ ಬರೆದುಕೊಡಿ: ಹಿಂದಿನ ಹಬ್ಬು ಫ್ರೀವೀಲಿನದೋ ಕ್ಯಾಸೆಟ್ಟಿನದೋ, ಬಿಬಿಯ ಅಳತೆ, ಪ್ಯಾಡಿನ ನಂಬರ್, ಹ್ಯಾಂಗರಿನ ನಂಬರ್. ಸಾಧ್ಯವಾದರೆ ಹ್ಯಾಂಗರ್ ಒಂದನ್ನು ಜೊತೆಗೇ ಮಾರಿ. ಡಿರೇಲರ್ ನೇತಾಡುವ ಆ ಬೆರಳುದ್ದದ ಅಲ್ಯೂಮಿನಿಯಂ ತುಂಡು ಫ್ರೇಮಿನಿಂದ ಫ್ರೇಮಿಗೆ ಬೇರೆ. ನಮ್ಮ ದೇಶದ ಕಂಪನಿಗಳ ಎಷ್ಟೋ ಫ್ರೇಮಿನ ಹ್ಯಾಂಗರ್ ಹೊರದೇಶದ ಅಂಗಡಿಗಳ ಪಟ್ಟಿಯಲ್ಲೇ ಇರುವುದಿಲ್ಲ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದೂ ಅದೇ. ಮಾಡೆಲ್ ನಿಂತುಹೋದ ಎರಡು ವರ್ಷಕ್ಕೆ ನಿಮ್ಮಲ್ಲೂ ಸಿಗದು, ಆಮೇಲೆ ಹಳೆಯದನ್ನು ಬಿಚ್ಚಿಕೊಂಡು ಲೇತ್ ಅಂಗಡಿಗೇ ಹೋಗಬೇಕು.

ಇಂತಿ,
ಶಿವಮೊಗ್ಗದ ಕೆಲವು ಸೈಕಲ್ ಸವಾರರು ಮತ್ತು ರಿಪೇರಿಗಾರರು