ಗ್ಯಾಸ್ ಅಂತ ಸೋಡಾ ಕೊಡಬೇಡ ಮಾರಾಯ

ಪ್ರಶಾಂತಾ,

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ಲು. ಹೋಟೆಲ್‌ನಲ್ಲಿ ಕ್ಲೀನರ್ ಹುಡುಗನ ಕೈ ಮೇಲೆ ಕುದಿಯೋ ಸಾಂಬಾರ್ ಬಿತ್ತಂತೆ, ಅಡುಗೆ ಭಟ್ರು ಓಡಿ ಬಂದು ಟೂತ್‌ಪೇಸ್ಟ್ ಮೆತ್ತಿದ್ರಂತೆ, ನೀನು ಎಂತ ಮಾಡೋದು ಅಂತ ಗೊತ್ತಾಗದೆ ಗಲ್ಲಾ ಬಿಟ್ಟು ಬಂದು ಸುಮ್ನೆ ನಿಂತಿದ್ಯಂತೆ. ಬೈಲಿಕ್ಕೆ ಬರೀತಾ ಇಲ್ಲ ಮಾರಾಯ. ಬೊಂಬಾಯಿಯ ಇದೇ ಘಾಟ್ಕೋಪರ್‌ನಲ್ಲಿ 38 ವರ್ಷ ಹೋಟೆಲ್ ನಡೆಸಿದವ ನಾನು, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಮಾತ್ರ ಅಲ್ಲ, ಶಾಯಿ, ಅರಿಶಿನ, ತೆಂಗಿನೆಣ್ಣೆ, ಒಂದು ಸಲ ದೋಸೆ ಹಿಟ್ಟನ್ನೂ ಹಚ್ಚಿಸಿದ್ದೇನೆ. ಹಿಟ್ಟು ಹಚ್ಚಿಸ್ಕೊಂಡ ಆ ಹುಡುಗ ಈಗ ವಿರಾರ್‌ನಲ್ಲಿ ಸ್ವಂತ ಹೋಟೆಲ್ ಇಟ್ಟಿದ್ದಾನೆ, ಮೊಣಕೈ ಹತ್ರ ಕಲೆ ಹಾಗೇ ಉಂಟು, ಸಿಕ್ಕಿದಾಗೆಲ್ಲ ಅದನ್ನು ತೋರಿಸಿ ನಗ್ತಾನೆ, ನನಗೆ ನಗು ಬರೋದಿಲ್ಲ. ಹಾಗಾಗಿ ಉದ್ದ ಆದ್ರೂ ಆಗ್ಲಿ ಅಂತ ಕೂತು ಟೈಪ್ ಮಾಡ್ತಾ ಇದ್ದೇನೆ, ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ನಿಧಾನಕ್ಕೆ ಓದು.

ಸುಟ್ಟಕೂಡ್ಲೇ ನಳ್ಳಿ ಬಿಟ್ಟು ಅದರ ಕೆಳಗೆ ಕೈ ಹಿಡಿಸು, 20 ನಿಮಿಷ, ಗಡಿಯಾರ ನೋಡಿ 20 ನಿಮಿಷ, ಯಾಕಂದ್ರೆ ಎರಡು ನಿಮಿಷಕ್ಕೆ ಉರಿ ಕಮ್ಮಿ ಆಯ್ತು ಅಂತ ಹುಡುಗ ಕೈ ತೆಗೀತಾನೆ, ಆದ್ರೆ ಚರ್ಮದ ಒಳಗಿನ ಬಿಸಿ ಇನ್ನೂ ಸುಡ್ತಾ ಇರ್ತದೆ. ನಳ್ಳಿಯಲ್ಲಿ ನೀರು ಬರದ ಹೊತ್ತಾದ್ರೆ ಡ್ರಮ್ಮಿನಿಂದ ಚೊಂಬಲ್ಲಿ ಹೊಯ್ತಾ ಇರು. ಜ್ಯೂಸ್ ಕೌಂಟರಿನ ಐಸ್ ಇಡಬೇಡ, ಅದು ಗಾಯವನ್ನ ಇನ್ನೂ ಹಾಳು ಮಾಡ್ತದೆ. ಬಾತು ಬರುವ ಮೊದಲೇ ಉಂಗುರ, ಕಡ, ಕೈಗೆ ಕಟ್ಟಿದ ದಾರ ಎಲ್ಲ ತೆಗೆಸು, ಚರ್ಮಕ್ಕೆ ಅಂಟಿದ ಬಟ್ಟೆ ಮಾತ್ರ ಎಳೀಬೇಡ. ಬೊಬ್ಬೆ ಎದ್ರೆ ಒಡೀಬೇಡ. ಆಮೇಲೆ ಪಾರ್ಸೆಲ್ ಕೌಂಟರಲ್ಲಿ ಆ ತೆಳು ಪ್ಲಾಸ್ಟಿಕ್ ಉಂಟಲ್ಲ, ಅದರ ಮೊದಲ ಸುತ್ತು ಬಿಸಾಡಿ ಒಳಗಿನದ್ದನ್ನ ಗಾಯದ ಮೇಲೆ ಸಡಿಲವಾಗಿ ಹೊದಿಸಿ ಡಾಕ್ಟರ್ ಹತ್ರ ಕಳಿಸು. ಅವನ ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಕೀಲುಗಂಟು, ಇವೆಲ್ಲ ಮನೆಮದ್ದಿಗೆ ಬಗ್ಗೋದಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹೊಯ್ಯೋದು ಅಂದ್ರೆ ಬೆಂಕಿಯನ್ನ ಮಾಡಿಗೆ ಹಾರಿಸಿದ ಹಾಗೆ, ಗ್ಯಾಸ್ ಬಂದ್ ಮಾಡಿ ದೊಡ್ಡ ಮುಚ್ಚಳ ಮುಚ್ಚು. ಭಟ್ರಿಗೆ ಇದು ಗೊತ್ತುಂಟು, ಆದ್ರೂ ಹೇಳು, ಗಾಬರಿಯಲ್ಲಿ ಗೊತ್ತಿದ್ದದ್ದೂ ಮರೀತದೆ.

ಈಗ ನಿಜವಾಗಿ ಹೇಳ್ಬೇಕು ಅಂತ ಇದ್ದದ್ದು. ಗಲ್ಲಾದ ಹಿಂದೆ ಗೋಡೆಯಲ್ಲಿ ದೊಡ್ಡ ಮಾವನ ಫೋಟೋ ಉಂಟಲ್ಲ, ನೀನು ದಿನಾ ಊದುಬತ್ತಿ ಹಚ್ತೀಯ. ಅವನು ಹಾರ್ಟ್ ಅಟ್ಯಾಕ್‌ನಲ್ಲಿ ಹೋದ ಅಂತಷ್ಟೇ ನಿನಗೆ ಗೊತ್ತು. 1997ರ ಮೇ ತಿಂಗಳು, ಮಧ್ಯಾಹ್ನ 3 ಗಂಟೆ ಹೊತ್ತಿಗೆ ಊಟದ ರಶ್ ಮುಗಿದಿತ್ತು. ಅಣ್ಣ ಎದೆ ಹಿಡ್ಕೊಂಡು, ತಮ್ಮಾ ಯಾಕೋ ಎದೆ ಉರೀತದೆ, ಎಡಗೈ ಜೋಮು ಹಿಡಿದ ಹಾಗೆ ಆಗ್ತದೆ ಅಂದ. ಬೆವರು ಸುರೀತಾ ಇತ್ತು, ಮೇ ತಿಂಗಳ ಬೊಂಬಾಯಿ, ಯಾರಿಗೆ ಬೆವರೋದಿಲ್ಲ. ಬೆಳಿಗ್ಗೆ ವಡೆ ತಿಂದದ್ದು ಗ್ಯಾಸ್ ಆಗಿದೆ ಅಂತ ನಾನೇ ಜೀರಿಗೆ ಸೋಡಾ ಕೊಟ್ಟೆ. ತೇಗು ಬಂತು, ಇಬ್ರಿಗೂ ಸಮಾಧಾನ ಆಯ್ತು. ಮೇಲೆ ಅಟ್ಟದಲ್ಲಿ ಸ್ವಲ್ಪ ಮಲಗಿರ್ತೇನೆ ಅಂತ ಏಣಿ ಹತ್ತಿ ಹೋದ, ಆ ಏಣಿ ಹತ್ತಿಸಿದ್ದೂ ನಾನೇ. ಒಂದು ಗಂಟೆ ಕಳೀತು. ಚಾ ತಗೊಂಡು ಹೋದ ಹುಡುಗ ಕೂಗಿದ. ಮೇಲೆ ಹೋದ್ರೆ ಅಣ್ಣ ಗೊರಗೊರ ಅಂತ ಆಗೊಮ್ಮೆ ಈಗೊಮ್ಮೆ ಉಸಿರೆಳೀತಿದ್ದ, ಉಸಿರಾಡ್ತಾ ಇದ್ದಾನೆ ಅಂತ ನಾವು ಧೈರ್ಯ ಮಾಡಿದೆವು. ಮುಖಕ್ಕೆ ನೀರು ಚಿಮುಕಿಸಿದೆವು, ಅಂಗಾಲು ತಿಕ್ಕಿದೆವು, ಯಾರೋ ಎಬ್ಬಿಸಿ ಕೂರಿಸಿದ್ರು, ನಾನು ತಲೆ ತೊಡೆ ಮೇಲೆ ಇಟ್ಕೊಂಡು ಅಣ್ಣಾ ಅಣ್ಣಾ ಅಂತ ಕರೀತಾ ಕೂತೆ. ಎಂಟು ಜನ ಇದ್ದೆವು, ಒಬ್ಬನಿಗೂ ಎದೆ ಒತ್ತಬೇಕು ಅಂತ ಗೊತ್ತಿರ್ಲಿಲ್ಲ. ಟ್ಯಾಕ್ಸಿ ತಂದು ಆಸ್ಪತ್ರೆಗೆ ಮುಟ್ಟಿಸುವಾಗ ಮುಗಿದಿತ್ತು.

ಎಷ್ಟೋ ವರ್ಷ ಆದ ಮೇಲೆ ನಾನು ಸೇಂಟ್ ಜಾನ್ ಆಂಬುಲೆನ್ಸ್‌ನವರ ಪ್ರಥಮ ಚಿಕಿತ್ಸೆ ಕ್ಲಾಸಿಗೆ ಹೋದೆ. ಅಲ್ಲಿ ಹೇಳಿಕೊಟ್ಟವರು ಆ ಗೊರಗೊರ ಉಸಿರಿನ ಬಗ್ಗೆ ಹೇಳಿದ್ರು, ಅದು ಉಸಿರೇ ಅಲ್ಲ, ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬರ್ತದೆ, ಅದನ್ನ ನೋಡಿ ಮೋಸ ಹೋಗಬೇಡಿ ಅಂತ. ನಾನು ಎದ್ದು ಹೊರಗೆ ಹೋಗಿ ನಿಂತೆ. ಅಣ್ಣ ಬದುಕ್ತಿದ್ದ ಅಂತ ಹೇಳ್ಲಿಕ್ಕೆ ಆಗೋದಿಲ್ಲ, ಆದ್ರೆ ನಾವು ಅವನಿಗೆ ಚಾನ್ಸೇ ಕೊಡ್ಲಿಲ್ಲ.

ಎದೆ ನಡುವೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ, ಕೈಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು, ತಣ್ಣಗಿನ ಬೆವರು, ವಾಕರಿಕೆ, ಏದುಸಿರು, ಇದರಲ್ಲಿ ಎಂತ ಕಂಡ್ರೂ ಗ್ಯಾಸ್ ಅಂತ ತೀರ್ಮಾನ ಮಾಡ್ಲಿಕ್ಕೆ ನೀನು ಯಾರು, ನಾನು ಯಾರು. ಹೆಂಗಸರಿಗೆ, ಶುಗರ್ ಇದ್ದವರಿಗೆ ಎದೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟಿದ ಹಾಗೆ ಆಗಿಯೂ ಬರ್ಬಹುದು. ಅವರನ್ನ ಕೂರಿಸು, ಗೋಡೆಗೆ ಒರಗಿಸಿ ಮೊಣಕಾಲು ಮಡಚಿ, ಒಂದು ಹೆಜ್ಜೆ ನಡೆಸ್ಬೇಡ. 108ಕ್ಕೆ ಫೋನ್ ಮಾಡಿ, ಆಮೇಲೆ ಆಸ್ಪಿರಿನ್ 300 ಮಿಲಿಗ್ರಾಂ ಕೊಡ್ಬಹುದಾ ಅಂತ ಅವರನ್ನೇ ಕೇಳು, ಅಲರ್ಜಿ ಅಥವಾ ಹೊಟ್ಟೆಯಲ್ಲಿ ರಕ್ತ ಹೋಗುವ ತೊಂದರೆ ಇಲ್ಲದಿದ್ರೆ ಜಗಿದು ನುಂಗ್ಲಿಕ್ಕೆ ಹೇಳ್ತಾರೆ. ಬಾಯಿ ಸೊಟ್ಟ ಆಗಿ, ಒಂದು ಕೈ ಎತ್ಲಿಕ್ಕಾಗದೆ, ಮಾತು ತೊದಲ್ತಾ ಇದ್ರೆ ಅದು ಪಾರ್ಶ್ವವಾಯು, ಅವರಿಗೆ ಆಸ್ಪಿರಿನ್ ಬೇಡ, ನೀರೂ ಬೇಡ, ಶುರುವಾದ ಟೈಮ್ ಬರೆದಿಟ್ಕೊ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಆಗ್ಬೇಕು, ಆಸ್ಪತ್ರೆಯಲ್ಲಿ ಮೊದಲು ಕೇಳೋದೇ ಟೈಮ್.

ಬಿದ್ದವನ ಭುಜ ತಟ್ಟಿ ಕೂಗು. ಅಲ್ಲಾಡೋದಿಲ್ಲ, ಎದೆ ಸರಿಯಾಗಿ ಏರಿಳಿಯೋದಿಲ್ಲ ಅಂದ್ರೆ ನೆಲದ ಮೇಲೆ ಅಂಗಾತ ಮಲಗಿಸಿ ಶುರು ಮಾಡು. ಎದೆಯ ನಟ್ಟನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ನೆಟ್ಟಗೆ. ಪೂರಿ ಹಿಟ್ಟು ನಾದುವ ಹಾಗೆ ಕೈ ಬಗ್ಗಿಸಿ ಅಲ್ಲ, ಸೊಂಟದಿಂದ ಬಗ್ಗಿ ಭುಜದ ಭಾರ ಪೂರ್ತಿ ಹಾಕಿ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವಷ್ಟು ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರ್ಲಿಕ್ಕೆ ಬಿಡಬೇಕು. ನಿಮಿಷಕ್ಕೆ 100ರಿಂದ 120, ಸೆಕೆಂಡ್ ಮುಳ್ಳು ಒಂದು ಸಲ ಹಾರುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಸಲ. ಪಕ್ಕೆಲುಬು ಲಟಕ್ ಅಂದ್ರೂ ನಿಲ್ಲಿಸ್ಬೇಡ, ಎಲುಬು ಕೂಡ್ತದೆ. ಬಾಯಿಗೆ ಉಸಿರು ಕೊಡ್ಲಿಕ್ಕೆ ಕಲೀದವ ಬರೀ ಒತ್ತಿದ್ರೂ ಸಾಕು, ಕಲಿತವನಾದ್ರೆ 30ಕ್ಕೆ 2 ಉಸಿರು. ನೀರಿಗೆ ಬಿದ್ದು ಮುಳುಗಿದವರಿಗೆ ಮಾತ್ರ ಉಸಿರು ಮುಖ್ಯ, ಅವರಿಗೆ ಮೊದಲು ಉಸಿರು ಕೊಟ್ಟೇ ಶುರು ಮಾಡೋದು. ಎರಡು ನಿಮಿಷಕ್ಕೆ ಕೈ ಸೋಲ್ತದೆ, ಇನ್ನೊಬ್ಬನನ್ನ ಕೂರಿಸು, ನಡುವೆ ಗ್ಯಾಪ್ ಬೇಡ. ರಕ್ತ ಹೋಗದೆ ನಾಲ್ಕೈದು ನಿಮಿಷ ಆದ್ರೆ ಮಿದುಳು ಹಾಳಾಗ್ಲಿಕ್ಕೆ ಶುರುವಾಗ್ತದೆ, ಮತ್ತೆ ಸಂಜೆ ಹೊತ್ತು ಸ್ಟೇಷನ್ ರೋಡಲ್ಲಿ ಆಂಬುಲೆನ್ಸ್ ಎಷ್ಟು ಬೇಗ ಬರ್ತದೆ ಅಂತ ನಿನಗೆ ನಾನು ಹೇಳ್ಬೇಕಾ.

ಫೋನ್ ವಿಷಯ. ಅಣ್ಣ ಹೋದಾಗ ನಮಗೆ ಯಾವ ನಂಬರೂ ಗೊತ್ತಿರ್ಲಿಲ್ಲ, ಮಹಾರಾಷ್ಟ್ರಕ್ಕೆ 108 ಬಂದದ್ದೇ 2014ರಲ್ಲಿ. ಈಗ ಉಂಟು, 112ಕ್ಕೆ ಮಾಡಿದ್ರೂ ಆಗ್ತದೆ. ಆದ್ರೆ ಯಾರಾದ್ರೂ ಫೋನ್ ಮಾಡಿ ಅಂತ ಕೂಗಿದ್ರೆ ಯಾರೂ ಮಾಡೋದಿಲ್ಲ, ಇನ್ನೊಬ್ಬ ಮಾಡಿರ್ತಾನೆ ಅಂತ ಎಲ್ರೂ ವಿಡಿಯೋ ತೆಗೀತಾ ನಿಲ್ತಾರೆ. ಬೆರಳು ತೋರಿಸಿ ಹೇಳು, ನೀಲಿ ಶರ್ಟ್, ನೀನು 108ಕ್ಕೆ ಮಾಡು, ಸ್ಪೀಕರ್ ಹಾಕು. ಸುಧಾಕರಾ, ನೀನು ಗಲ್ಲಿ ಬಾಯಿಗೆ ಹೋಗಿ ನಿಲ್ಲು, ಗಾಡಿ ಒಳಗೆ ಕರ್ಕೊಂಡು ಬಾ. ಊರಿಂದ ಹೊಸದಾಗಿ ಬಂದ ಹುಡುಗರಿಗೆ ಮರಾಠಿ ಬರೋದಿಲ್ಲ ಅಲ್ವಾ, ಒಂದು ಕಾಗದದಲ್ಲಿ ಕನ್ನಡ ಅಕ್ಷರದಲ್ಲೇ ಬರೆದು ಫೋನ್ ಹತ್ರ ಅಂಟಿಸು: ಮಾಣೂಸ್ ಬೇಶುದ್ಧ ಆಹೇ, ಶ್ವಾಸ್ ಘೇತ್ ನಾಹೀ (ಮನುಷ್ಯನಿಗೆ ಪ್ರಜ್ಞೆ ಇಲ್ಲ, ಉಸಿರಾಡ್ತಾ ಇಲ್ಲ ಅಂತ). ಅದರ ಕೆಳಗೆ ಹೋಟೆಲ್ ಅಡ್ರೆಸ್, ಹತ್ತಿರದ ದೇವಸ್ಥಾನದ ಹೆಸರು. ಅವರು ಇಡು ಅನ್ನುವ ತನಕ ಫೋನ್ ಇಡಬಾರ್ದು.

ಗಿರಾಕಿಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ನಮ್ಮ ಧಂಧೆಯಲ್ಲಿ ಎಂದಾದ್ರೂ ಆಗಿಯೇ ಆಗ್ತದೆ. ನಮ್ಮವರು ನೆತ್ತಿಗೆ ಹತ್ತಿತು ಅಂತ ತಲೆ ತಟ್ತಾರೆ, ನೀರು ಕುಡಿಸ್ತಾರೆ. ಕೆಮ್ತಾ ಇದ್ದಾನೆ ಅಂದ್ರೆ ಬಿಡು, ಕೆಮ್ಲಿ, ಅದೇ ಮದ್ದು. ಸ್ವರ ಹೊರಡೋದಿಲ್ಲ, ಕತ್ತು ಹಿಡ್ಕೊಂಡಿದ್ದಾನೆ ಅಂದ್ರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ 5 ಪೆಟ್ಟು ಜೋರಾಗಿ. ಹೋಗ್ಲಿಲ್ಲ ಅಂದ್ರೆ ಹಿಂದಿನಿಂದ ತಬ್ಬಿ ಹೊಕ್ಕಳಿಂದ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಗೆ ಮತ್ತು ಮೇಲಕ್ಕೆ 5 ಸಲ ಜಗ್ಗು, ಮತ್ತೆ ಬೆನ್ನಿಗೆ 5, ಹಾಗೇ. ಬಸುರಿಗೆ ಹೊಟ್ಟೆ ಅಲ್ಲ, ಎದೆ ಮೇಲೆ. ಒಂದು ವರ್ಷದೊಳಗಿನ ಮಗುವನ್ನ ಮುಂಗೈ ಮೇಲೆ ಬೋರಲು ಹಾಕಿ ತಲೆ ತಗ್ಗಿಸಿ ಬೆನ್ನಿಗೆ 5, ಆಮೇಲೆ ತಿರುಗಿಸಿ ಎದೆ ನಡುವೆ 5 ಸಲ ಒತ್ತೋದು, ಮಗುವಿನ ಹೊಟ್ಟೆ ಒತ್ತಲೇಬಾರ್ದು. ಕಾಣದ ತುಂಡಿಗೆ ಬಾಯೊಳಗೆ ಬೆರಳು ಹಾಕಿ ಹುಡುಕಬೇಡ, ಇನ್ನೂ ಒಳಗೆ ಹೋಗ್ತದೆ. ಪ್ರಜ್ಞೆ ತಪ್ಪಿದ್ರೆ ಮೇಲೆ ಹೇಳಿದ ಹಾಗೆ ಎದೆ ಒತ್ತು.

ಫಿಟ್ಸ್ ಬಗ್ಗೆ ಒಂದು ಕಥೆ ಹೇಳ್ತೇನೆ. ಒಮ್ಮೆ ಸಂಜೆಯ ಕಲ್ಯಾಣ್ ಫಾಸ್ಟ್ ಲೋಕಲ್ ರೈಲಲ್ಲಿ, ಕಾಲಿಡ್ಲಿಕ್ಕೆ ಜಾಗ ಇಲ್ಲ, ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಆ ರಶ್ಶಲ್ಲೂ ಜನ ಸೀಟಿನ ಮೇಲೆ ಹತ್ತಿ ನಿಂತು ಅವನಿಗೆ ನೆಲದಲ್ಲಿ ಜಾಗ ಮಾಡಿದ್ರು, ಬೊಂಬಾಯಿ ಜನ ಅಂದ್ರೆ ಹಾಗೆ. ಆದ್ರೆ ಒಬ್ಬ ಕೈಯಲ್ಲಿ ಬೀಗದ ಕೈ ಗೊಂಚಲು ತುರುಕಿದ, ಇನ್ನೊಬ್ಬ ಚಪ್ಪಲಿ ಮೂಸಿಸಿದ, ಮತ್ತೊಬ್ಬ ಹಲ್ಲಿನ ನಡುವೆ ಚಮಚ ಇಡ್ಲಿಕ್ಕೆ ಹೋಗಿ ಬೆರಳು ಕಚ್ಚಿಸ್ಕೊಂಡ. ನಾನು ಆ ಹುಡುಗನ ತಲೆ ಕೆಳಗೆ ಬ್ಯಾಗ್ ಇಟ್ಟೆ, ಕನ್ನಡಕ ತೆಗೆದೆ, ಕಾಲರ್ ಸಡಿಲ ಮಾಡಿ ವಾಚ್ ನೋಡ್ತಾ ಕೂತೆ. ಕೈಕಾಲು ಒತ್ತಿ ಹಿಡೀಬಾರ್ದು. ಎರಡು ನಿಮಿಷಕ್ಕೆ ತಾನೇ ನಿಂತಿತು, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದೆ, ಬಾಯಿಯ ನೊರೆ ಹೊರಗೆ ಹೋಗ್ಲಿಕ್ಕೆ. ಯಾರೋ ಚೈನ್ ಎಳೀಲಿಕ್ಕೆ ಕೈ ಹಾಕಿದ್ರು, ನಾನು ಬೇಡ ಅಂದೆ, ಎರಡು ಸ್ಟೇಷನ್ ನಡುವೆ ಗಾಡಿ ನಿಂತ್ರೆ ಡಾಕ್ಟರ್ ಎಲ್ಲಿಂದ ಬರ್ಬೇಕು. ಈಗಾದ್ರೆ ರೈಲ್ವೆಯ 139ಕ್ಕೆ ಫೋನ್ ಮಾಡು, ಮುಂದಿನ ಸ್ಟೇಷನ್‌ನಲ್ಲಿ ಇಳಿಸು. 5 ನಿಮಿಷ ದಾಟಿದ್ರೆ, ಒಂದರ ಹಿಂದೆ ಒಂದು ಬಂದ್ರೆ, ಅಥವಾ ಜೀವನದಲ್ಲಿ ಮೊದಲ ಸಲ ಬಂದದ್ದಾದ್ರೆ ಆಸ್ಪತ್ರೆಯೇ ಸೈ.

ಶುಗರಿನ ಮಾತ್ರೆ ತಗೊಂಡು ಊಟ ತಡ ಆಗಿ ನಡುಗ್ತಾ, ತಪ್ಪು ತಪ್ಪು ಮಾತಾಡ್ತಾ ಬರೋ ಗಿರಾಕಿಗಳುಂಟು, ಕುಡಿದಿದ್ದಾನೆ ಅಂತ ಹೊರಗೆ ಕಳಿಸ್ಬೇಡ. ಎಚ್ಚರ ಇದ್ರೆ ಮೂರ್ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡು, 15 ನಿಮಿಷ ಕಾದು ನೋಡು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕ್ಬಾರ್ದು, ನೀರೂ ಇಲ್ಲ.

ತರಕಾರಿ ಹೆಚ್ಚುವಾಗ ಬೆರಳು ಕೊಯ್ದ್ರೆ ಕಾಫಿ ಪುಡಿ ಹಾಕೋದು ಬಿಡಿಸು. ಶುದ್ಧ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿ, ನಿಂತಿತಾ ಅಂತ ನಡುನಡುವೆ ಎತ್ತಿ ನೋಡ್ಬೇಡ, ಬಟ್ಟೆ ಒದ್ದೆ ಆದ್ರೆ ಅದರ ಮೇಲೇ ಇನ್ನೊಂದು. ಮಳೆಗಾಲದಲ್ಲಿ ಗ್ರೈಂಡರ್ ಶಾಕ್ ಹೊಡೆದು ಯಾರಾದ್ರೂ ಅಂಟಿಕೊಂಡ್ರೆ ಮುಟ್ಲಿಕ್ಕೆ ಹೋಗ್ಬೇಡ, ಮೇನ್ ಸ್ವಿಚ್ ಮೊದಲು. ಸ್ವಿಚ್ ಎಲ್ಲಿ ಉಂಟು ಅಂತ ನಿನ್ನ ಹುಡುಗರಲ್ಲಿ ಎಷ್ಟು ಜನರಿಗೆ ಗೊತ್ತು, ಇವತ್ತೇ ಕೇಳು. ರಸ್ತೆಯಲ್ಲಿ ಗಾಡಿ ಹೊಡೆದು ಬಿದ್ದವರನ್ನ ಎತ್ಲಿಕ್ಕೆ ಪೊಲೀಸ್ ಲಫಡಾ ಅಂತ ಹೆದರ್ತಾರೆ. ಅದಕ್ಕೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ, 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಮೂ ಸೇರಿದೆ, ಒಳ್ಳೇ ಮನಸ್ಸಿಂದ ಸಹಾಯ ಮಾಡಿದವನ ಮೇಲೆ ಕೇಸಿಲ್ಲ, ಹೆಸರು ಹೇಳು ಅಂತ ಒತ್ತಾಯ ಮಾಡೋ ಹಾಗಿಲ್ಲ.

ಈ ಭಾನುವಾರ ಸಂಜೆ ಪಾಳಿ ಭಟ್ರಿಗೆ ಬಿಟ್ಟು ಡೊಂಬಿವಲಿಗೆ ಬಾ, ಆ ಸುಟ್ಟುಕೊಂಡ ಹುಡುಗನನ್ನೂ ಸುಧಾಕರನನ್ನೂ ಕರ್ಕೊಂಡು ಬಾ. ಎದೆ ಒತ್ತೋದು ಓದಿ ಬರೋದಲ್ಲ, ಗಟ್ಟಿ ತಲೆದಿಂಬು ನೆಲದ ಮೇಲೆ ಹಾಕಿ ತೋರಿಸ್ತೇನೆ, ಆಮೇಲೆ ಮೂರೂ ಜನರನ್ನ ಸರಿಯಾದ ಕ್ಲಾಸಿಗೆ ಸೇರಿಸುವ, ಫೀಸ್ ನಾನು ಕೊಡ್ತೇನೆ. ಅತ್ತೆ ಪತ್ರೊಡೆ ಮಾಡ್ತಾಳಂತೆ, ಕೆಸುವಿನೆಲೆ ಮಾಟುಂಗಾದಿಂದ ತರ್ಲಿಕ್ಕೆ ನಿನಗೆ ಹೇಳ್ಬೇಕಂತೆ.

ನಿನ್ನ ಮಾವ

ಮತ್ತೆ, ಗಲ್ಲಾದ ಕೆಳಗೆ ಕೆಂಪು ಡಬ್ಬಿ ಉಂಟಲ್ಲ, ಅದನ್ನ ತೆಗೆದು ನೋಡು. ನಾನು ಬಿಡುವಾಗ ಅದರಲ್ಲಿ ಗಾಜ್, ಬ್ಯಾಂಡೇಜ್, ಕತ್ತರಿ, ಗ್ಲೌಸ್ ಎಲ್ಲ ಇತ್ತು. ಕಳೆದ ಸಲ ಬಂದಾಗ ನೋಡಿದ್ರೆ ಬರೀ ರಬ್ಬರ್ ಬ್ಯಾಂಡು, ಹಳೇ ಬಿಲ್ ಪುಸ್ತಕ.