ಮಗಳಿಗೊಂದು ಪತ್ರ: ನೀಲಿ ದೀಪದ ಅಂಗಡಿ

ಮುದ್ದು ಪುಟ್ಟೀ,

ನಿನ್ನೆ ಫೋನಿನಲ್ಲಿ "ಕೋಟು ಇನ್ನೂ ತಗೊಂಡಿಲ್ಲಮ್ಮ, ರೇಟು ನೋಡಿದ್ರೆ ಭಯ ಆಗುತ್ತೆ" ಅಂದೆಯಲ್ಲ, ಅಜ್ಜಿ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನೀನು ಫೋನಿಟ್ಟ ಮೇಲೆ ಕೇಳಿದರು: "ಯಾಕೆ, ಅಲ್ಲಿ ಕೆಮಾರ್ಟ್ ಇಲ್ವೇನೆ?" ಅಮೆರಿಕದ ಮುಖ್ಯಭೂಮಿಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಕೆಮಾರ್ಟ್ ಅಂಗಡಿ ನ್ಯೂಯಾರ್ಕ್‌ ಕಡೆಯ ಬ್ರಿಡ್ಜ್‌ಹ್ಯಾಂಪ್ಟನ್‌ನಲ್ಲಿ ಇತ್ತು, ಅದೂ 2024ರ ಅಕ್ಟೋಬರ್‌ನಲ್ಲಿ ಮುಚ್ಚಿತು ಅಂದೆ. ಅಜ್ಜಿ ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಾದರು. ಆ ಅಂಗಡಿಯ ವಿಷಯ ನಿನಗೆ ನಾನು ಸರಿಯಾಗಿ ಹೇಳಿಯೇ ಇಲ್ಲ ಅನ್ನಿಸಿತು.

ತಾತನಿಗೆ ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಕೆಲಸ ಸಿಕ್ಕಿ ನಾವು ಮೈಸೂರು ಬಿಟ್ಟಾಗ ನನಗೆ ಎಂಟು ವರ್ಷ. ಅದು 1978. ಮನೆ ಮಾಡಿದ್ದು ಗಾರ್ಡನ್ ಸಿಟಿಯಲ್ಲಿ, ನಿನ್ನ ಆನ್ ಆರ್ಬರ್‌ನಿಂದ ಅಂಥ ದೂರವೇನಲ್ಲ. ಫೋರ್ಡ್ ರೋಡಿನ ಮೇಲೆ ಉದ್ದಕ್ಕೂ ಹರಡಿಕೊಂಡ ಒಂದೇ ಅಂತಸ್ತಿನ ಕಟ್ಟಡ, ಮುಂದೆ ಕಾರು ನಿಲ್ಲಿಸೋಕೆ ಜಾತ್ರೆ ಮೈದಾನದಷ್ಟು ಜಾಗ, ನೆತ್ತಿಯ ಮೇಲೆ ದೊಡ್ಡ ಕೆಂಪು 'ಕೆ' ಅಕ್ಷರ. 1962ರ ಮಾರ್ಚ್ 1ರಂದು ತೆರೆದ ಮೊಟ್ಟಮೊದಲ ಕೆಮಾರ್ಟ್ ಅದೇ ಅಂತ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಡೆಟ್ರಾಯಿಟ್‌ನಲ್ಲಿ ಐದು ಸೆಂಟು, ಹತ್ತು ಸೆಂಟಿನ ಸಾಮಾನು ಮಾರಿ ಬೆಳೆದ ಕ್ರೆಸ್ಗಿ ಕಂಪನಿ ಅದನ್ನು ಶುರು ಮಾಡಿತ್ತು. ಲಾಭ ಕಡಿಮೆ ಇಟ್ಟು ಹೆಚ್ಚು ಮಾರೋದು, ಗಿರಾಕಿಯೇ ಗಾಡಿ ತಳ್ಳಿಕೊಂಡು ಸಾಮಾನು ಆರಿಸಿಕೊಳ್ಳೋದು. ಅದರಿಂದಲೇ ಅಲ್ಲಿ ಎಲ್ಲ ಅಗ್ಗ. ನೀನು ಈಗ ಹೋಗುವ ಟಾರ್ಗೆಟ್, ವಾಲ್‌ಮಾರ್ಟ್ ಎರಡೂ ಅದೇ ವರ್ಷ ಹುಟ್ಟಿದವು, ಕೆಮಾರ್ಟ್‌ಗಿಂತ ಕೆಲವೇ ತಿಂಗಳು ಚಿಕ್ಕವು.

ಶನಿವಾರ ನಮಗೆ ಅದೇ ಸಂತೆ. ಬಾಗಿಲು ತೆರೆದರೆ ಪಾಪ್‌ಕಾರ್ನ್ ವಾಸನೆ, ಹೊಸ ಟೈರಿನ ವಾಸನೆ. ಮಕ್ಕಳ ಶೂಗಳನ್ನು ಜೋಡಿ ತಪ್ಪದ ಹಾಗೆ ದಾರದಿಂದ ಕಟ್ಟಿರುತ್ತಿದ್ದರು. ಅವನ್ನು ಹಾಕಿಕೊಂಡು ನಾನು ಕಾಲು ಕಟ್ಟಿದ ಕರುವಿನ ಹಾಗೆ ಕುಪ್ಪಳಿಸುತ್ತಿದ್ದೆ. ತಾತನ ಕೈಯಲ್ಲಿ ದುಡ್ಡು ಉಳಿದಿದ್ದರೆ ಐಸೀ ಅಂತ ಕೆಂಪು ಬಣ್ಣದ ಐಸ್‌ಪುಡಿಯ ಒಂದು ಲೋಟ. ಅವರು ಮಾತ್ರ ಯಾವ ಸಾಮಾನು ಮುಟ್ಟಿದರೂ ಬೆಲೆಯನ್ನು ಎಂಟರಿಂದ ಗುಣಿಸುತ್ತಿದ್ದರು, ಆಗ ಡಾಲರಿಗೆ ಎಂಟು ರೂಪಾಯಿ. ಸಂಬಳದ ಅರ್ಧ ಮೈಸೂರಿಗೆ ಹೋಗುತ್ತಿತ್ತು, ಸೋದರತ್ತೆಯರ ಮದುವೆ ಇನ್ನೂ ಆಗಿರಲಿಲ್ಲ.

ಅಜ್ಜಿಗೆ ಮೊದಮೊದಲು ಆ ಅಂಗಡಿ ಹಿಡಿಸಲಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ವೀಳ್ಯದೆಲೆಗೂ ಚೌಕಾಸಿ ಮಾಡಿದವರು ಅವರು. ಇಲ್ಲಿ ಬೆಲೆ ಚೀಟಿಯಲ್ಲಿ ಅಚ್ಚಾಗಿ ಬಂದಿರುತ್ತಿತ್ತು, ಕೇಳೋದು ಯಾರನ್ನ? ಒಂದು ದಿನ ಮೈಕಿನಲ್ಲಿ "ಅಟೆನ್ಷನ್, ಕೆಮಾರ್ಟ್ ಷಾಪರ್ಸ್!" ಅಂತ ಕೂಗಿದರು. ಪಾತ್ರೆಗಳ ಸಾಲಿನಲ್ಲಿ ಕಂಬದ ತುದಿಯಲ್ಲಿ ಪೊಲೀಸ್ ಜೀಪಿನದರಂಥ ನೀಲಿ ದೀಪ ತಿರುಗತೊಡಗಿತು. ದೀಪ ತಿರುಗುವಷ್ಟು ಹೊತ್ತು ಆ ಜಾಗದ ಸಾಮಾನು ಇನ್ನೂ ಅಗ್ಗ. ಬ್ಲೂ ಲೈಟ್ ಸ್ಪೆಷಲ್ ಅಂತ 1965ರಲ್ಲೇ ಶುರುವಾದ ಪದ್ಧತಿಯಂತೆ. ನಾನು ಅರ್ಥ ಹೇಳಿದ್ದೇ ತಡ, ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಓಡಿದರು! ಅಜ್ಜಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಈಗಲೂ ನಾವು ಸಾರು ಬಿಸಿಮಾಡುವ ಆ ಹಿಡಿ ಸುಟ್ಟ ಪಾತ್ರೆ ಅವತ್ತಿನದೇ. "ಈ ಊರಲ್ಲಿ ಚೌಕಾಸಿ ಮಾಡೋದು ದೀಪ" ಅಂತ ಅವರು ತಾತನಿಗೆ ಹೇಳಿದ್ದು ನೆನಪಿದೆ. ಅಲ್ಲಿಂದಾಚೆಗೆ ಮೈಕಿನ ಇಂಗ್ಲಿಷು ಅವರಿಗೆ ನನ್ನ ಸಹಾಯವಿಲ್ಲದೆ ತಿಳಿಯತೊಡಗಿತು.

ಕೋಟಿನ ವಿಷಯಕ್ಕೆ ಬರುತ್ತೇನೆ. ಎರಡನೇ ಚಳಿಗಾಲಕ್ಕೆ ನನ್ನ ಕೋಟಿನ ತೋಳು ಮಣಿಕಟ್ಟಿಂದ ಮೇಲೆ ಸರಿದಿತ್ತು. ಹೊಸದಕ್ಕೆ ಇಪ್ಪತ್ತೆಂಟು ಡಾಲರು. ಅಜ್ಜಿ ಅದನ್ನು ಲೇಅವೇಯಲ್ಲಿ ಇಡಿಸಿದರು. ಸ್ವಲ್ಪ ಮುಂಗಡ ಕೊಟ್ಟರೆ ಸಾಮಾನನ್ನು ನಮ್ಮ ಹೆಸರು ಬರೆದು ಹಿಂದಿನ ಕೋಣೆಯಲ್ಲಿ ಇಡುತ್ತಿದ್ದರು. ವಾರ ಬಿಟ್ಟು ವಾರ ಕಂತು ಕಟ್ಟಬೇಕು, ಬಡ್ಡಿಯಿಲ್ಲ, ಕೊನೆಯ ಕಂತು ತೀರಿದ ಮೇಲೆ ಸಾಮಾನು ಕೈಗೆ. ಅಜ್ಜಿ ಅದನ್ನು ಪಾತ್ರೆ ಚೀಟಿ ಅಂತಲೇ ಕರೆಯುತ್ತಿದ್ದರು. ಆಗಸ್ಟಿನಿಂದ ಪ್ರತಿ ಕಂತಿಗೂ ನಾನೂ ಜೊತೆಗೆ ಹೋಗಿ, ಆ ಗೋಡೆಯ ಹಿಂದೆ ನನ್ನ ಮರೂನ್ ಬಣ್ಣದ ಕೋಟು ಇದೆ ಅಂತ ನೋಡುತ್ತಾ ನಿಲ್ಲುತ್ತಿದ್ದೆ. ಮೊದಲ ಹಿಮಕ್ಕೆ ಮುಂಚೆ ಅದು ಮನೆಗೆ ಬಂತು.

ಸ್ಕೂಲಿನಲ್ಲಿ ಒಬ್ಬಳು ನನ್ನ ಕೋಟಿನ ಕಾಲರ್ ಮಗುಚಿ, ಒಳಗಿದ್ದ ಅಂಗಡಿ ಹೆಸರಿನ ಪಟ್ಟಿ ಓದಿ, ಎಲ್ಲರಿಗೂ ಕೇಳುವಂತೆ "ಕೆಮಾರ್ಟ್" ಅಂದಳು. ಅವರೆಲ್ಲ ನಕ್ಕರು. ಅಲ್ಲಿಂದ ಬಟ್ಟೆ ತರೋದು ಬಡವರು ಅನ್ನೋದು ನನಗೆ ಗೊತ್ತಾಗಿದ್ದು ಅವತ್ತು. ಆ ರಾತ್ರಿ ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಪಟ್ಟಿಯನ್ನು ಕಿತ್ತು ಹಾಕಿದೆ. ಕೋಟಿನ ಒಳಪದರವೂ ಸ್ವಲ್ಪ ಹರಿಯಿತು. ಮಾರನೇ ದಿನ ಹರಿದ ಜಾಗಕ್ಕೆ ಅಜ್ಜಿಯ ಹಸಿರು ರವಿಕೆಯ ಚೂರೊಂದು ಹೊಲಿದುಕೊಂಡಿತ್ತು. ಅವರು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಲ್ಲ ತಿಳಿದೂ ಸುಮ್ಮನಿದ್ದಾರೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ.

ಗಾರ್ಡನ್ ಸಿಟಿಯ ಆ ಅಂಗಡಿ 2017ರಲ್ಲಿ ಮುಚ್ಚಿತು. ಕಂಪನಿ 2002ರಲ್ಲೇ ದಿವಾಳಿ ಅರ್ಜಿ ಹಾಕಿತ್ತು, ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಯಾವತ್ತಾದರೂ ಫೋರ್ಡ್ ರೋಡಿನ ಕಡೆ ಹೋದರೆ ಅಲ್ಲಿ ಈಗ ಏನಿದೆ ಅಂತ ಫೋಟೋ ಕಳಿಸು.

ನಿನ್ನೆ ರಾತ್ರಿ ಅಜ್ಜಿ ಬೀರುವಿನಿಂದ ಹತ್ತು ಸಾವಿರ ತೆಗೆದು ನನ್ನ ಕೈಲಿಟ್ಟರು, ನಿನ್ನ ಅಕೌಂಟಿಗೆ ಹಾಕಿದ್ದೇನೆ. ಆಮೇಲೆ ಅಂದರು: "ನೀನು ಚಿಕ್ಕೋಳಿದ್ದಾಗ ಆ ಮರೂನ್ ಕೋಟಿನ ಪಟ್ಟಿ ಕತ್ತಿಗೆ ಚುಚ್ತಾ ಇತ್ತಲ್ಲ, ಪಾಪ, ನೀನೇ ಕಿತ್ತು ಹಾಕಿದ್ದೆ. ಕಾಲರ್ ಮೆತ್ತಗಿರೋದು ನೋಡಿ ತಗೊಳ್ಳೋಕೆ ಹೇಳೆ ಅವಳಿಗೆ."

ಹೂಂ ಅಂದೆ. ಮೆತ್ತಗಿರೋದೇ ತಗೋ ಪುಟ್ಟೀ. ಹಾಕಿಕೊಂಡು ಅಜ್ಜಿಗೆ ವಿಡಿಯೋ ಕಾಲ್ ಮಾಡು.

ನಿನ್ನ ಅಮ್ಮ