ಆ ಮದುವೆ ಕುದುರಿಸುವವಳ ಭಯಕ್ಕೆ ಕಾರಣವಿದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ರೀಜೆನ್ಸಿ ಕಾಲದ ಪ್ರೇಮಕಥೆಗಳ ಬಗ್ಗೆ ಬಂದ ಲೇಖನ ಓದಿದೆ. ಊರವರ ಮದುವೆಯನ್ನೆಲ್ಲಾ ಕುದುರಿಸುತ್ತಾ ತನ್ನ ಮನಸ್ಸನ್ನು ಮಾತ್ರ ಯಾರಿಗೂ ಬಿಟ್ಟುಕೊಡದ ಹೆಂಗಸು, ಅವಳ ಬೆನ್ನು ಬೀಳುವ ಮಾತಿನ ಮಲ್ಲ ಶೋಕಿಲಾಲ. ಈ ಜೋಡಿಯ ಕಥೆ ಅಂದರೆ ನನಗೂ ಪ್ರಾಣ. ಆದರೆ ಲೇಖಕರು ಅವಳನ್ನು ಕಲ್ಲು ಮನಸ್ಸಿನವಳು ಅಂದುಬಿಟ್ಟಿದ್ದಾರೆ. ಅವನ ನಗುವಿಗೆ ಅವಳು ಕರಗುವುದೇ ಕಥೆಯ ಸೊಗಸು ಎಂದೂ ಬರೆದಿದ್ದಾರೆ. ಇದನ್ನು ಒಪ್ಪಲು ನನಗೆ ಆಗಲಿಲ್ಲ. ನಾನು ನೋಂದಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಾರ ಆಸ್ತಿ ಯಾರ ಕೈಗೆ ಹೋಯಿತು ಎಂದು ನೋಡದೆ ಮದುವೆಯ ಕಥೆ ಓದುವುದು ನನಗೆ ಗೊತ್ತಿಲ್ಲ.

ರೀಜೆನ್ಸಿ ಕಾಲವೆಂದರೆ 1811ರಿಂದ 1820ರವರೆಗಿನ ಇಂಗ್ಲೆಂಡ್. ಮೂರನೇ ಜಾರ್ಜ್ ದೊರೆಗೆ ಕಾಯಿಲೆ, ಮಗನೇ ರಾಜಪ್ರತಿನಿಧಿಯಾಗಿ ಆಳುತ್ತಿದ್ದ. ತಾಳಿಯಂಥದ್ದೇನೂ ಇಲ್ಲದಿದ್ದರೂ ಅಲ್ಲಿಯ ಮದುವೆಯ ಗಂಟು ಬಲು ಬಿಗಿ. ಹೆಂಡತಿಯ ಕೈಯಲ್ಲಿದ್ದ ಹಣ, ಸಾಮಾನು ಎಲ್ಲಾ ಮದುವೆಯ ದಿನವೇ ಗಂಡನದಾಗುತ್ತಿತ್ತು. ಅವಳ ಜಮೀನಿನ ಆದಾಯವೂ ಅವನದೇ. ಇದು ಬದಲಾಗಲು ಶುರುವಾಗಿದ್ದು 1870ರ ಕಾಯ್ದೆಯಿಂದ, ಸರಿಯಾಗಿ ಬದಲಾಗಿದ್ದು 1882ರಲ್ಲಿ. ಗಂಡ ಸರಿಯಿಲ್ಲ ಅಂತ ಗೊತ್ತಾದ ಮೇಲೆ ಬಿಡುಗಡೆಯಾದರೂ ಸುಲಭವೇ? ಮತ್ತೆ ಮದುವೆಯಾಗಲು ಬಿಡುವಂಥ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಹೆಂಗಸರಿಗೆ ಅದು ದಕ್ಕಿದ್ದು ತೀರಾ ಅಪರೂಪ. ಮಕ್ಕಳು ಕಾನೂನಿನ ಲೆಕ್ಕದಲ್ಲಿ ಅಪ್ಪನ ಪಾಲು.

ಕ್ಯಾಥರೀನ್ ಟಿಲ್ನಿ ಲಾಂಗ್ ಎಂಬ ಹುಡುಗಿಯನ್ನು ನೆನೆಸಿಕೊಳ್ಳಿ. ಇವಳು ಕಥೆಯ ಪಾತ್ರವಲ್ಲ, ನಿಜವಾಗಿ ಬದುಕಿದ್ದವಳು. ರಾಜಮನೆತನದ ಹೊರಗೆ ಇಂಗ್ಲೆಂಡಿನಲ್ಲಿ ಇವಳಷ್ಟು ಸಿರಿವಂತ ಹುಡುಗಿ ಇಲ್ಲ ಅನ್ನುತ್ತಿದ್ದರು. ಲಂಡನ್ ಹತ್ತಿರ ವಾನ್‌ಸ್ಟೆಡ್ ಹೌಸ್ ಎಂಬ ಅರಮನೆಯಂಥ ಮನೆ. ದೊರೆಯ ಮಗ, ಕ್ಲಾರೆನ್ಸ್ ಡ್ಯೂಕ್, ತಾನೇ ಬಂದು ಕೇಳಿದರೂ ಅವಳು ಒಪ್ಪಲಿಲ್ಲ. ಅವಳ ಮನಸ್ಸು ಹೋಗಿದ್ದು ವಿಲಿಯಂ ವೆಲ್ಲೆಸ್ಲಿ ಪೋಲ್ ಮೇಲೆ. ವಾಟರ್‌ಲೂ ಯುದ್ಧ ಗೆದ್ದ ವೆಲ್ಲಿಂಗ್ಟನ್ನನ ಅಣ್ಣನ ಮಗ, ನೋಡಲು ಚೆಂದ, ಮಾತು ಜೇನು, ಮೈತುಂಬಾ ಸಾಲ. 1812ರ ಮಾರ್ಚ್‌ನಲ್ಲಿ ಮದುವೆಯಾಯಿತು. ಹತ್ತು ವರ್ಷವಾಗುವಷ್ಟರಲ್ಲಿ ಸಾಲಗಾರರಿಗೆ ಹೆದರಿ ಅವನು ದೇಶ ಬಿಟ್ಟ. 1822ರಲ್ಲಿ ವಾನ್‌ಸ್ಟೆಡ್ ಹೌಸ್‌ನ ಸಾಮಾನು ಹರಾಜಿಗೆ ಬಂತು. ಆ ಹರಾಜು 32 ದಿನ ನಡೆಯಿತು! ಆಮೇಲೆ ಮನೆಯನ್ನೇ ಕೆಡವಿ ಮಾರಿದರು. ಅಷ್ಟರಲ್ಲಿ ಗಂಡ ಇನ್ನೊಬ್ಬನ ಹೆಂಡತಿಯ ಜೊತೆ ಸೇರಿಕೊಂಡಿದ್ದ. ಕ್ಯಾಥರೀನ್ 1825ರಲ್ಲಿ ತೀರಿಕೊಂಡಳು, ಆಗ ಅವಳಿಗೆ 35 ವರ್ಷ. ಮಕ್ಕಳನ್ನು ಅವನ ಕೈಗೆ ಕೊಡಬಾರದೆಂದು ಅವಳ ತಂಗಿಯರು ಪಟ್ಟು ಹಿಡಿದರು. 1827ರಲ್ಲಿ ಚಾನ್ಸರಿ ಕೋರ್ಟು ಅವನಿಂದ ಮಕ್ಕಳನ್ನು ತಪ್ಪಿಸಿತು. ಅಪ್ಪನ ಹಕ್ಕಿಗೆ ಕೋರ್ಟು ಕೈಹಾಕಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ.

ಇಲ್ಲಿ ನನ್ನನ್ನು ಕಾಡುವ ವಿಷಯ ಒಂದಿದೆ. ಅವಳ ಕಡೆಯವರು ಮದುವೆಗೆ ಮುಂಚೆ ಕರಾರು ಬರೆಸದೆ ಇರಲಿಲ್ಲ. ಜಮೀನನ್ನು ಅವನು ಮಾರಿ ತಿನ್ನುವಂತಿರಲಿಲ್ಲ, ಅದು ಮುಂದೆ ಮಗನಿಗೆ ಹೋಗಬೇಕಿತ್ತು. ಆದರೂ ಅವಳು ಆಡಿ ಬೆಳೆದ ಮನೆ ಉಳಿಯಲಿಲ್ಲ. ಪತ್ರ ಎಷ್ಟೇ ಗಟ್ಟಿಯಿದ್ದರೂ ಆಳನ್ನು ಸರಿಯಾಗಿ ನೋಡಿರಬೇಕು. ಆ ನೋಡುವ ಕೆಲಸವೇ ಮದುವೆ ಕುದುರಿಸುವವಳದು. ಅವಳು ತಪ್ಪಿದರೆ ಇನ್ನೊಬ್ಬಳ ಬಾಳು ಹೋಗುತ್ತದೆ. ಬೈರನ್ ಕವಿಯ ಮೊದಲ ಮದುವೆ ಪ್ರಸ್ತಾಪವನ್ನು 1812ರಲ್ಲಿ ಆನಬೆಲ್ಲಾ ಮಿಲ್‌ಬ್ಯಾಂಕ್‌ಗೆ ತಲುಪಿಸಿದ್ದು ಅವಳ ಸೋದರತ್ತೆ ಲೇಡಿ ಮೆಲ್ಬರ್ನ್. ಆನಬೆಲ್ಲಾ ಆಗ ಬೇಡವೆಂದಳು, ಆಮೇಲೆ ಒಪ್ಪಿದಳು. 1815ರ ಜನವರಿಯಲ್ಲಿ ಮದುವೆ. ಮುಂದಿನ ಜನವರಿಯಲ್ಲಿ ಆರು ವಾರವೂ ತುಂಬದ ಕೂಸನ್ನು ಎತ್ತಿಕೊಂಡು ತವರಿಗೆ ಹೊರಟುಬಂದಳು. ಇಂಥವನ್ನು ಕಣ್ಣಾರೆ ಕಂಡ ಹೆಂಗಸು ಶೋಕಿಲಾಲನ ನಗುವಿಗೆ ಬಾಗಿಲು ತೆಗೆಯದಿದ್ದರೆ ಅದು ಕಲ್ಲು ಮನಸ್ಸಾಗುತ್ತದೆಯೇ?

ಅವಳ ಸ್ವಂತ ಬಾಳನ್ನೂ ನೋಡಿ. ಈ ಕಥೆಗಳಲ್ಲಿ ಅವಳು ಎಷ್ಟೋ ಸಲ ವಿಧವೆ. ವಿಧವೆಗೆ ವರ್ಷಕ್ಕಿಷ್ಟು ಎಂದು ಬರುವ ಹಣ ಅವಳದೇ, ಸಹಿಯೂ ಅವಳದೇ. ಮತ್ತೆ ಮದುವೆಯಾದರೆ ಆ ಸಹಿಗೆ ಬೆಲೆಯಿಲ್ಲ. ಜೊತೆಗೆ ಒಳ್ಳೆಯ ಹೆಸರೇ ಅವಳ ಬಂಡವಾಳ. ಆಲ್ಮ್ಯಾಕ್ಸ್ ಎಂಬ ನೃತ್ಯಶಾಲೆ ಲಂಡನ್ನಿನ ಕಿಂಗ್ ಸ್ಟ್ರೀಟ್‌ನಲ್ಲಿತ್ತು. ಬುಧವಾರ ರಾತ್ರಿ ನೃತ್ಯ. ಕುಡಿಯಲು ಟೀ, ನಿಂಬೆ ಪಾನಕ, ತಿನ್ನಲು ತೆಳ್ಳಗಿನ ಬ್ರೆಡ್ಡು ಬೆಣ್ಣೆ, ಅಷ್ಟೇ. ಆದರೂ ಅಲ್ಲಿಗೆ ಹೋಗಲು ಜನ ಹಾತೊರೆಯುತ್ತಿದ್ದರು. ಯಾಕೆಂದರೆ ಲೇಡಿ ಜರ್ಸಿ, ಲೇಡಿ ಕ್ಯಾಸಲ್‌ರೇ ಮುಂತಾದ ಕೆಲವೇ ದೊಡ್ಡಮನೆ ಹೆಂಗಸರು ಹೂಂ ಅಂದರೆ ಮಾತ್ರ ಚೀಟಿ. ಎಷ್ಟು ದುಡ್ಡಿದ್ದರೂ ಅವರು ಬೇಡ ಅಂದರೆ ಮುಗಿಯಿತು. ಪೋಲಿಯೊಬ್ಬನ ಜೊತೆ ಅವಳ ಹೆಸರು ಒಂದು ಸಲ ತಳಕು ಹಾಕಿಕೊಂಡಿತೆಂದರೆ ಆಮೇಲೆ ಯಾವ ತಾಯಿ ಮಗಳನ್ನು ಅವಳ ಜೊತೆ ಕಳಿಸುತ್ತಾಳೆ?

ಹಾಗಂತ ಅವರಿಬ್ಬರು ಒಂದಾಗಬಾರದು ಅನ್ನುವವಳಲ್ಲ ನಾನು. ಒಂದಾಗಲಿ, ಖಂಡಿತ ಆಗಲಿ. ಆದರೆ ಅವನು ಏನು ಮಾಡಿ ಗೆದ್ದ ಅನ್ನುವುದು ನನಗೆ ಮುಖ್ಯ. ಬೆಳದಿಂಗಳಲ್ಲಿ ವಾಲ್ಟ್ಸ್ ಕುಣಿದರೆ ಸಾಲದು. ತನ್ನ ಸಾಲದ ಲೆಕ್ಕವನ್ನು ಅವನೇ ಅವಳ ಮೇಜಿನ ಮೇಲೆ ತಂದಿಡಲಿ. ಜೂಜಿನ ಕ್ಲಬ್ಬು ಬಿಟ್ಟು ವರ್ಷವಾಯಿತು ಅಂತ ಬೇರೆಯವರ ಬಾಯಿಂದ ಅವಳಿಗೆ ತಿಳಿಯಲಿ. ಅವಳ ಹಣವನ್ನು ಅವಳು ನಂಬುವ ಟ್ರಸ್ಟಿಗಳ ಕೈಯಲ್ಲಿಟ್ಟು, ನಾನು ಮುಟ್ಟುವುದಿಲ್ಲ ಎಂದು ಬರೆದುಕೊಡಲಿ. ಅವಳು ಕನ್ನಡಕ ಹಾಕಿಕೊಂಡು ಆ ಕರಾರನ್ನು ಸಾಲು ಸಾಲಾಗಿ ಓದುವಾಗ ಅವನು ಪಕ್ಕದಲ್ಲಿ ಸುಮ್ನೆ ಕೂತಿರಲಿ. ಇಂಥ ಒಂದು ದೃಶ್ಯ ಸಿಕ್ಕರೆ ನನಗೆ ಹತ್ತು ಮುತ್ತಿಗಿಂತ ಜಾಸ್ತಿ.

ಮುಂದಿನ ಸಲ ಇಂಥ ಕಾದಂಬರಿಯ ವಿಮರ್ಶೆ ಹಾಕುವಾಗ, ಆ ಕರಾರಿನಲ್ಲಿ ಏನು ಬರೆದಿತ್ತು ಅಂತಲೂ ವಿಮರ್ಶಕರು ಒಂದೆರಡು ಸಾಲು ಬರೆಯಲಿ. ನನ್ನಂಥ ಓದುಗರು ಬೇಕಾದಷ್ಟಿದ್ದಾರೆ.

ಇತಿ,
ನಿಮ್ಮ ಖಾಯಂ ಓದುಗಿ